ವೈಸ್‌ರಾಯ್ ಸಂಬಳ, ಎರಡಾಣೆ ಲೆಕ್ಕ

ಕೇಳುಗರಿಗೆ ನಮಸ್ಕಾರ. ಮನವಿ ಪತ್ರ ಬರೆಯಲು ಕೂತರೆ ನಮ್ಮಲ್ಲಿ ಬಹಳ ಜನ ಮೊದಲು ಬಯ್ಯಲು ಶುರು ಮಾಡುತ್ತಾರೆ. ಬಯ್ಯಬೇಡಿ, ಲೆಕ್ಕ ಕೊಡಿ. ಇವತ್ತು ನಾನು ಹೇಳಬೇಕಾದ್ದು ಇಷ್ಟೇ.

1930ರ ಮಾರ್ಚ್ 2ರಂದು ಗಾಂಧೀಜಿ ವೈಸ್‌ರಾಯ್ ಇರ್ವಿನ್‌ಗೆ ಒಂದು ಕಾಗದ ಬರೆದರು. ಕಾನೂನು ಮುರಿಯುತ್ತೇನೆ ಅಂತ ಮುಂಚೆಯೇ ತಿಳಿಸುವ ಕಾಗದ. ಶುರುವಾಗುವುದು ‘ಪ್ರಿಯ ಮಿತ್ರರೇ’ ಅಂತ! ಬ್ರಿಟಿಷ್ ಆಳ್ವಿಕೆ ಶಾಪ ಅನ್ನುತ್ತಾರೆ, ನಿಜ. ಆದರೆ ಮನುಷ್ಯನನ್ನು ಬಯ್ಯುವುದಿಲ್ಲ. ನಿಮ್ಮ ಸಂಬಳವನ್ನೇ ನೋಡಿ ಅನ್ನುತ್ತಾರೆ. ದಿನಕ್ಕೆ 700 ರೂಪಾಯಿಗೂ ಜಾಸ್ತಿ. ಭಾರತೀಯರ ಸರಾಸರಿ ಆದಾಯ ದಿನಕ್ಕೆ ಎರಡಾಣೆಗೂ ಕಡಿಮೆ.

ಇದನ್ನು ಪಿಯುಸಿ ಮಕ್ಕಳಿಗೆ ಓದಿ ಹೇಳಿದೆ. ಒಬ್ಬ ಎದ್ದು ನಿಂತ. “ಆಣೆ ಅಂದ್ರೆ ದೇವರಾಣೆನಾ ಸಾರ್?” ತಪ್ಪು ಅವನದಲ್ಲ ಬಿಡಿ. ಮರುದಿನ ಅಮ್ಮನ ಕುಂಕುಮದ ಡಬ್ಬಿಯಲ್ಲಿದ್ದ ಹಳೇ ಎರಡಾಣೆ ಬಿಲ್ಲೆ ತಂದೆ. ಚೌಕನೆಯದು, ಮೂಲೆ ಮಾತ್ರ ದುಂಡಗೆ. ಒಂದೊಂದೇ ಬೆಂಚು ದಾಟಿ ಹೋಯಿತು. ಕೆಲವರು ಮೂಸಿಯೂ ನೋಡಿದರು. ರೂಪಾಯಿಗೆ ಹದಿನಾರಾಣೆ ಅಂದೆ, ಅಷ್ಟೇ. ಹಿಂದಿನ ಬೆಂಚಿನ ಹುಡುಗಿ ಅಂಗೈ ಮೇಲೆ ಪೆನ್ನಲ್ಲಿ ಗುಣಿಸುತ್ತಾ ಕೂತಳು. ಆಮೇಲೆ ಮೆಲ್ಲಗೆ, “ಇಂಥವು 5,600 ಆಗುತ್ತೆ ಸಾರ್. ದಿನಕ್ಕೊಂದು ಮೂಟೆ!” ಅಂದಳು. ಇಡೀ ಕ್ಲಾಸು ಸುಮ್ಮನಾಯಿತು. ಗಾಂಧೀಜಿ ಬಳಸಿದ್ದೂ ಅದೇ ಲೆಕ್ಕ: ಐದು ಸಾವಿರ ಪಟ್ಟಿಗೂ ಮೇಲೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಅಲಂಕಾರಗಳ ಪಟ್ಟಿ ಬರೆಸಿ ಒಮ್ಮೆಯೂ ಹೀಗೆ ಆಗಲಿಲ್ಲ.

ಅಯ್ಯೋ, ಗಾಜಿನ ಆಚೆಯಿಂದ ಸಮಯವಾಯಿತು ಅಂತ ಕೈ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಬ್ರಿಟನ್ ಪ್ರಧಾನಿಗೆ ಅಲ್ಲಿನ ಸರಾಸರಿ ಆದಾಯದ ತೊಂಬತ್ತು ಪಟ್ಟು ಮಾತ್ರ ಅಂತ ಪಕ್ಕದಲ್ಲೇ ಇಟ್ಟರು. ‘ನಿಮ್ಮ ಸಂಬಳ ಬಹುಶಃ ಪೂರ್ತಿ ದಾನಕ್ಕೇ ಹೋಗುತ್ತದೆ’ ಅಂತಲೂ ಸೇರಿಸಿದರು. ಇನ್ನು ಇರ್ವಿನ್ ಸಿಟ್ಟಾಗುವುದು ಹೇಗೆ? ಕಿತ್ತೊಗೆಯಬೇಕಾದ್ದು ಇಂಥ ಸಂಬಳ ಕೊಡುವ ವ್ಯವಸ್ಥೆಯನ್ನು ಅನ್ನುವ ಮಾತು ಬರುವುದು ಆಮೇಲೆ. ಕಾಗದ ತಲುಪಿಸಲು ಕಳಿಸಿದ್ದೂ ಒಬ್ಬ ಇಂಗ್ಲಿಷ್ ಯುವಕನನ್ನೇ, ರೆಜಿನಾಲ್ಡ್ ರೆನಾಲ್ಡ್ಸ್ ಅಂತ. ಅದೂ ಲೆಕ್ಕಾಚಾರವೇ!

ಉತ್ತರ ಬಂತು. ವೈಸ್‌ರಾಯ್ ಬರೆದದ್ದಲ್ಲ, ಕಾರ್ಯದರ್ಶಿ ಬರೆದದ್ದು, ನಾಲ್ಕೇ ಸಾಲು. ಐದು ಸಾವಿರ ಪಟ್ಟಿನ ಬಗ್ಗೆ ಒಂದಕ್ಷರ ಇಲ್ಲ. ಮಾರ್ಚ್ 12ಕ್ಕೆ ಗಾಂಧೀಜಿ ದಂಡಿಗೆ ಹೊರಟರು. ನಮಸ್ಕಾರ.