ತಂಗಡಿ ಹೂವಿನ ಟೀ ಕುಡಿಯೋ ಮುಂಚೆ

ಕೇಳುಗರಿಗೆಲ್ಲಾ ನಮಸ್ಕಾರ. ಚಿತ್ರದುರ್ಗದಿಂದ ಚಳ್ಳಕೆರೆ ಕಡೆಗೋ ಹಿರಿಯೂರು ಕಡೆಗೋ ಬಸ್ಸಲ್ಲಿ ಹೋಗೋವಾಗ ನೋಡಿರ್ತೀರ, ಬರೀ ಕಲ್ಲು ನೆಲ, ಅದ್ರಲ್ಲೇ ಸೊಂಟದೆತ್ತರದ ಗಿಡ ಮೈತುಂಬ ಹಳದಿ ಹೂ ಬಿಟ್ಕೊಂಡು ನಿಂತಿರುತ್ತೆ. ಅದೇ ತಂಗಡಿ, ಕೆಲವ್ರು ಆವರಿಕೆ ಅಂತಾರೆ. ನಮ್ಮಜ್ಜ ಅದರ ಕಡ್ಡೀಲೇ ಹಲ್ಲುಜ್ಜೋರು, ಸೊಪ್ಪು ಗದ್ದೆಗೆ ಗೊಬ್ಬರ ಆಗೋದು, ತೊಗಟೆ ಚರ್ಮ ಹದ ಮಾಡೋರಿಗೆ ಹೋಗೋದು. ತೆಲಂಗಾಣದೋರು ಇದನ್ನ ರಾಜ್ಯದ ಹೂ ಮಾಡ್ಕೊಂಡವ್ರೆ, ಶ್ರೀಲಂಕಾದಲ್ಲಿ ರಣವರ ಅಂತ ಇದರ ಟೀ ಮನೆಮನೇಲಿ ಕುಡೀತಾರೆ. ನಾವು ಮಾತ್ರ ಬೇಲಿ ಗಿಡ ಅಂತ ಬಿಟ್ಟಿದ್ವಿ, ಈಗ ಇದರ ಟೀ ಕುಡಿದ್ರೆ ಶುಗರ್ ಇಳಿಯುತ್ತೆ ಅಂತ ವಾಟ್ಸಾಪಲ್ಲಿ ಬಂದ್ಮೇಲೆ ಎಲ್ರಿಗೂ ನೆನಪಾಗೈತೆ.

ಮಾಡೋದು ಸುಲಭ. ಹೂ ನೆರಳಲ್ಲಿ ಒಣಗಿಸ್ಕೊಂಡು ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ಕುದಿಸಿ ಸೋಸಿದ್ರೆ ಆಯ್ತು. ಸ್ವಲ್ಪ ಒಗರು ಇರುತ್ತೆ, ನಂಗಂತೂ ಬೆಲ್ಲ ಇಲ್ದೆ ಇಳಿಯಲ್ಲ, ಆದ್ರೆ ಬೆಲ್ಲ ಹಾಕಿ ಶುಗರ್‌ಗೆ ಅಂತ ಕುಡಿಯೋದು ಎಂಥಾ ತಮಾಷೆ ನೋಡಿ!

ಈ ಶುಗರ್ ವಿಷಯಾನೇ ಇವತ್ತು ನಾನು ಹೇಳ್ಬೇಕಂತ ಬಂದಿದ್ದು. ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ತಂಗಡಿ ಹೂ ಸಕ್ಕರೆ ಅಂಶ ಇಳಿಸಿದ್ದು ನಿಜ. ಮನುಷ್ಯರ ಮೇಲೆ ಅಂಥ ದೊಡ್ಡ ಪರೀಕ್ಷೆ ಆಗಿರೋದು ಕಮ್ಮಿ. ನಮ್ಮ ಸೋದರತ್ತೆ ಬೆಳಿಗ್ಗೆ ಶುಗರ್ ಮಾತ್ರೇನೂ ನುಂಗಿ, ಮೇಲೆ ಎರಡು ಲೋಟ ಗಟ್ಟಿ ಕಷಾಯನೂ ಕುಡಿದು, ತಿಂಡಿ ತಿನ್ನೋದು ತಡ ಮಾಡಿ, ಹತ್ತು ಗಂಟೆ ಹೊತ್ತಿಗೆ ಮೈಯೆಲ್ಲಾ ಬೆವರು, ಕೈ ನಡುಕ, ಕಣ್ಣು ಕತ್ತಲೆ. ಶುಗರ್ ತೀರಾ ಇಳಿದುಬಿಟ್ಟಿತ್ತು, ಸಕ್ಕರೆ ನೀರು ಕುಡಿಸಿದ್ಮೇಲೆ ಸುಧಾರಿಸಿಕೊಂಡ್ರು. ಕಷಾಯದಿಂದಾನೋ, ತಿಂಡಿ ಬಿಟ್ಟಿದ್ದಕ್ಕೋ, ಎರಡೂ ಸೇರಿಯೋ, ಯಾರು ಹೇಳ್ತಾರೆ? ಹಂಗಂತ ಮಾತ್ರೆ ಬಿಟ್ಟು ಬರೀ ಹೂವು ನಂಬ್ಕೊಂಡು ಕೂರೋದು ಇನ್ನೂ ಅಪಾಯ. ಡಾಕ್ಟ್ರಿಗೆ ಹೇಳಿ ಕುಡೀರಿ, ಬೈದ್ರೆ ಬೈಸ್ಕೊಳ್ಳಿ.

ತಂಗಡಿ, ಮಲಬದ್ಧತೆಗೆ ಕೊಡ್ತಾರಲ್ಲ, ಆ ಸೋನಾಮುಖಿ ಜಾತಿಗೇ ಸೇರಿದ್ದು, ಅದಕ್ಕೇ ಜಾಸ್ತಿ ಆದ್ರೆ ಹೊಟ್ಟೆ ಸಡಿಲ ಆಗ್ಬೋದು. ಬಸುರಿಯರು, ಮೂರ್ಛೆರೋಗಕ್ಕೆ ಮಾತ್ರೆ ತಗೊಳ್ಳೋರು ಇದರ ತಂಟೆಗೆ ಹೋಗದಿದ್ರೆ ಒಳ್ಳೇದು. ರಕ್ತ ಕಮ್ಮಿ ಇರೋರು ಊಟದ ಜೊತೆ ಕುಡೀಬೇಡಿ, ಆ ಒಗರು ಊಟದಲ್ಲಿರೋ ಕಬ್ಬಿಣದ ಅಂಶ ಮೈಗೆ ಹತ್ತೋಕೆ ಬಿಡಲ್ಲ.

ಇನ್ನೊಂದು, ಇದು ನಿಜಕ್ಕೂ ಭಯದ ವಿಷಯ. ಹಳದಿ ಹೂ ಎಲ್ಲಾ ತಂಗಡಿ ಅಲ್ಲ. ಹೈವೇ ಪಕ್ಕ, ಮನೆ ಕಾಂಪೌಂಡಲ್ಲಿ ಬೆಳೆಯೋ ಹಳದಿ ಕಣಗಿಲೆ ಇದೆಯಲ್ಲ, ಅದು ವಿಷ, ಹೃದಯದ ಬಡಿತಾನೇ ಕೆಡಿಸಿಬಿಡುತ್ತೆ. ಅದರ ಎಲೆ ಉದ್ದ ಕಿರಿದು, ಹೂ ಗಂಟೆ ಥರ, ಎಲೆ ಮುರಿದ್ರೆ ಹಾಲು ಬರುತ್ತೆ. ತಂಗಡೀಲಿ ಹಾಲು ಬರಲ್ಲ, ಎಲೆ ಹುಣಸೆ ಎಲೆ ಥರ ಜೋಡಿಜೋಡಿ ಇದ್ದು ಸ್ವಲ್ಪ ದೊಡ್ಡದು, ಎಲೆ ಬುಡದಲ್ಲಿ ಕಿವಿ ಹಂಗೆ ಒಂದು ಚೂರು ಅಂಟ್ಕೊಂಡಿರುತ್ತೆ, ಒಣಗಿದ ಕಾಯಿ ಚಪ್ಪಟೆ, ಕಾಗದದಂಗೆ ತೆಳು. ಗುರುತು ಸಿಗ್ಲಿಲ್ಲ ಅಂದ್ರೆ ಕುರಿ ಕಾಯೋರನ್ನ ಕೇಳಿ, ಅವ್ರಿಗೆ ಗೊತ್ತಿರುತ್ತೆ. ಔಷಧಿ ಹೊಡೆದ ಈರುಳ್ಳಿ ಹೊಲದ ಬದುವಿನ ಹೂ ಮಾತ್ರ ಕೀಳಬೇಡಿ.

ನಮಸ್ಕಾರ.