ಮಳೆಗಾಲ, ಮಗು ಮತ್ತು ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಡಗಿನಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಗಾಳಿಗೆ ಮರ ಬಿದ್ದು ಕರೆಂಟು ಹೋಗುತ್ತದೆ. ಅಂಗನವಾಡಿಗೂ ಶಾಲೆಗೂ ರಜೆ. ಅಂಗಳಕ್ಕೆ ಇಳಿದರೆ ಜಿಗಣೆ. ಒಲೆಯ ಮುಂದೆ ಒದ್ದೆ ಬಟ್ಟೆ ಆರಿಸುವ ತಾಯಿಗೆ ಬಿಡುವಿಲ್ಲ, ಮಗುವಿಗೆ ಹೊತ್ತು ಹೋಗುವುದಿಲ್ಲ. ಹಟ ಶುರುವಾದಾಗ ಮೊಬೈಲ್ ಅದರ ಕೈ ಸೇರುತ್ತದೆ. ಹಾಗೆ ಕೊಟ್ಟವರನ್ನು ನಾನು ಬೈಯಲಾರೆ. ನನ್ನ ಮೊಮ್ಮಗನಿಗೆ ಕೊಟ್ಟವಳು ನಾನೇ.

ಅವನಿಗೆ ಎರಡು ವರ್ಷ ತುಂಬುತ್ತಾ ಬಂದಿತ್ತು. ಊಟಕ್ಕೆ ಕೂರಿಸಿದರೆ ಮೊಬೈಲ್ ಎದುರಿಗಿರಬೇಕು. ಅಕ್ಕಿರೊಟ್ಟಿಯ ತುಂಡು ಬಾಯಿಗೆ ಹೋದದ್ದು, ಹೊಟ್ಟೆ ತುಂಬಿದ್ದು, ಎರಡೂ ಅವನಿಗೆ ತಿಳಿಯುತ್ತಿರಲಿಲ್ಲ. ಹೆಸರು ಹಿಡಿದು ಕರೆದರೂ ತಿರುಗುತ್ತಿರಲಿಲ್ಲ. ಆಡುತ್ತಿದ್ದದ್ದು ಐದಾರು ಬಿಡಿ ಪದಗಳು ಮಾತ್ರ. ಗಂಡು ಮಗು, ನಿಧಾನವಾಗಿ ಮಾತು ಬರುತ್ತದೆ ಎಂದು ನೆಂಟರು ಸಮಾಧಾನ ಹೇಳಿದರು. ದಯವಿಟ್ಟು ಈ ಸಮಾಧಾನವನ್ನು ನೀವು ಒಪ್ಪಿ ಸುಮ್ಮನಾಗಬೇಡಿ. ಎರಡು ವರ್ಷವಾದಾಗ ಮಗು ‘ಅಮ್ಮ ಬಾ’, ‘ಹಾಲು ಬೇಡ’ ಎಂದು ಎರಡು ಪದ ಕೂಡಿಸಿ ಆಡದಿದ್ದರೆ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಅದರ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತದೆ, ಹಣ ಕೊಡಬೇಕಾಗಿಲ್ಲ.

ನಮ್ಮ ಹುಡುಗನ ಕಿವಿ ಚೆನ್ನಾಗಿಯೇ ಇತ್ತು. ಅವನೊಡನೆ ಮಾತಾಡುವವರೇ ಇರಲಿಲ್ಲ.

ಒಂದು ವರ್ಷದ ಮಗುವಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಾವು ಮೊದಲು ಊಟದ ಹೊತ್ತಿಗೆ ಮೊಬೈಲ್ ನಿಲ್ಲಿಸಿದೆವು. ಮೂರು ದಿನ ತಟ್ಟೆ ತಳ್ಳಿ ಅತ್ತ. ನನಗೂ ಕರುಳು ಹಿಂಡಿದಂತಾಯಿತು, ಆದರೆ ಕೊಡಲಿಲ್ಲ. ಅತ್ತಾಗ ಒಬ್ಬರು ಕೊಟ್ಟು ಇನ್ನೊಬ್ಬರು ಕಿತ್ತುಕೊಂಡರೆ ಮಗು ಮತ್ತಷ್ಟು ಅಳುತ್ತದೆ. ಅಜ್ಜ, ಅಜ್ಜಿ, ಅಪ್ಪ, ಅಮ್ಮ ನಾಲ್ವರೂ ಒಂದೇ ಮಾತಿಗೆ ಬದ್ಧರಾಗಬೇಕು.

ಆಟಿಕೆ ತರಲು ಪೇಟೆಗೆ ಹೋಗಲಿಲ್ಲ. ಹಲಸಿನ ಬೀಜ ಸುಲಿಯುವಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಬೀಜದ ಬಿಳಿ ಸಿಪ್ಪೆ ತೆಗೆದು ಅವನ ಅಂಗೈಗೆ ಇಟ್ಟರೆ ಬೋಗುಣಿಗೆ ಹಾಕುತ್ತಿದ್ದ. ಟಣ್ ಎಂದರೆ ನಗು. ‘ಇದು ದೊಡ್ಡದು, ಇದು?’ ಎಂದು ಕೇಳಿ ನಾನು ಸುಮ್ಮನಾಗುತ್ತಿದ್ದೆ. ನಾವು ದೊಡ್ಡವರು ಪ್ರಶ್ನೆ ಕೇಳಿ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಮಗುವಿಗೆ ಪದ ಹುಡುಕಲು ಹೊತ್ತು ಬೇಕು. ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಿರಿ, ಅದು ನಿಮ್ಮ ಮುಖವನ್ನೇ ನೋಡುತ್ತಿರುತ್ತದೆ. (ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಕಣ್ಣು ಅದರ ಮೇಲೆಯೇ ಇರಲಿ. ತಿನ್ನಲು ಕೊಡುವುದಾದರೆ ಬೇಯಿಸಿ ಮಸೆದು ಕೊಡಿ.)

ಯಾವ ಭಾಷೆಯಲ್ಲಿ ಮಾತಾಡಬೇಕು ಎಂದು ತಾಯಂದಿರು ಕೇಳುತ್ತಾರೆ. ನಮ್ಮ ಮನೆಯದು ಅರೆಭಾಷೆ. ನಿಮ್ಮದು ಕೊಡವ ತಕ್ಕ್ ಇರಬಹುದು, ತುಳು, ಮಲಯಾಳ ಇರಬಹುದು, ತೋಟದ ಕೆಲಸದವರ ಲೈನ್ ಮನೆಯಲ್ಲಿ ಎರವರ ಮಾತು ಇರಬಹುದು. ನಿಮಗೆ ಸಲೀಸಾಗಿ ಬರುವ, ಮುದ್ದು ಮಾಡಲೂ ಗದರಲೂ ಬರುವ ಭಾಷೆಯಲ್ಲೇ ಮಾತಾಡಿ. ಎರಡು ಭಾಷೆ ಕೇಳಿದ ಮಾತ್ರಕ್ಕೆ ಮಗುವಿನ ಮಾತು ತಡವಾಗುವುದಿಲ್ಲ. ಶಾಲೆಯ ಭಾಷೆಯನ್ನು ಅದು ಶಾಲೆಯಲ್ಲಿ ಕಲಿತೀತು.

ಜೂನ್‌ನಲ್ಲಿ ಶುರು ಮಾಡಿದ್ದೆವು. ಆಗಸ್ಟ್ ಮೊದಲ ವಾರದಲ್ಲಿ ಕಕ್ಕಡ 18, ಅಂದರೆ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಬಂತು, ನಾವು ಆಟಿ 18 ಎನ್ನುತ್ತೇವೆ. ಮದ್ದುಸೊಪ್ಪು ಬೇಯಿಸಿ, ನೇರಳೆ ಬಣ್ಣದ ರಸ ತೆಗೆದು ಪಾಯಸ ಮಾಡಿದೆ. ಅವನಿಗೂ ಎರಡು ಚಮಚ ತಿನ್ನಿಸಿದೆ. ಅದನ್ನು ತಿಂದರೆ ಅದರ ಬಣ್ಣ ಉಚ್ಚೆಯಲ್ಲಿ ಕಾಣುತ್ತದೆಂದು ನಿಮಗೆ ಗೊತ್ತು. ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಕೂಗು ಕೇಳಿಸಿತು: ‘ಅಜ್ಜೀ, ಉಚ್ಚೆ ಕೆಂಪು!’

ನಾನು ಒದ್ದೆ ಕೈಯಲ್ಲೇ ಓಡಿಹೋಗಿ ಅವನನ್ನು ಎತ್ತಿಕೊಂಡೆ.

ನಮಸ್ಕಾರ.