ಕರೆದಾಗ ಬರುವ ಸಹಾಯ

ಕೇಳುಗರಿಗೆ ನಮಸ್ಕಾರ.

ಮುಂಬಯಿಯ ಫೋರ್ಟ್ ಭಾಗದ ಲೆಕ್ಕಪರಿಶೋಧಕರ ಕಚೇರಿಗಳಿಗೋ, ಮಾಟುಂಗ, ಸಾಕಿನಾಕಾದ ಹೋಟೆಲುಗಳ ಹಿಂಬದಿಯ ಲೆಕ್ಕದ ಕೋಣೆಗಳಿಗೋ ಹೋದರೆ ಅಲ್ಲಿನ ಕೀಲಿಮಣೆಗಳ ಮೇಲೊಮ್ಮೆ ಕಣ್ಣಾಡಿಸಿ. ಅಲ್ಲೊಂದು ಇಲ್ಲೊಂದರಲ್ಲಿ ಮೇಲಿನ ಸಾಲಿನ ಒಂದು ಕೀಲಿ ಇರುವುದಿಲ್ಲ. ತಾನಾಗಿ ಬಿದ್ದದ್ದಲ್ಲ, ಬೇಕೆಂದೇ ಕಿತ್ತದ್ದು. ಅದು ಎಫ್1. ಎಕ್ಸೆಲ್‌ನಲ್ಲಿ ಒಂದು ಚೌಕದೊಳಗಿನ ಅಂಕಿಯನ್ನು ತಿದ್ದಲು ಎಫ್2 ಬೇಕು. ತಿದ್ದಿದ್ದು ಬೇಡವೆನಿಸಿದರೆ ಎಸ್ಕೇಪ್ ಬೇಕು. ಎರಡರ ನಡುವೆ ಎಫ್1 ಕುಳಿತಿದೆ. ಬೆರಳು ಕೊಂಚ ಜಾರಿದರೂ ಸಹಾಯದ ಕಿಟಕಿ ತೆರೆದುಕೊಂಡು ಅರ್ಧ ಪರದೆಯನ್ನು ನುಂಗುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ, ರಾತ್ರಿ ಕಲ್ಯಾಣದ ಫಾಸ್ಟ್ ಲೋಕಲ್ ಹಿಡಿಯುವ ಅವಸರದಲ್ಲಿರುವ ಗುಮಾಸ್ತನಿಗೆ ಅದು ಸಹಾಯವೆನಿಸುವುದಿಲ್ಲ. ಕೀಲಿಯನ್ನೇ ಕಿತ್ತು ಮೇಜಿನ ಖಾನೆಗೆ ಹಾಕುತ್ತಾನೆ.

ನಾನೂ ಲೆಕ್ಕಪತ್ರದ ಕಸುಬಿನವನೇ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಕೀಲಿಯೊಂದಿಗೆ ಒಂದು ಒಳ್ಳೆಯ ಅನುಕೂಲವನ್ನೂ ನಾವು ಖಾನೆಗೆ ಹಾಕಿಬಿಟ್ಟಿದ್ದೇವೆ. ಸೂತ್ರ ಕೈಕೊಟ್ಟರೆ ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನು ಮಾಡುತ್ತೇವೆ, ಅವನು ಮೀಟಿಂಗಿನಲ್ಲಿರುತ್ತಾನೆ. ಅವನು ಹೇಳಬಹುದಾದ ಉತ್ತರ ನಮ್ಮ ಪರದೆಯಲ್ಲೇ ಇರುತ್ತದೆ.

ಈ ಜಗಳ ಇಂದಿನದಲ್ಲ. ಎಫ್1 ಎಂದರೆ ಸಹಾಯ ಎಂಬ ರೂಢಿಯನ್ನು 1987ರಲ್ಲಿ ಐಬಿಎಂ ಹೊರತಂದ ನಿಯಮಾವಳಿ ಗಟ್ಟಿಗೊಳಿಸಿತು. ಆ ಕಾಲದ ಸಹಾಯ ನೀವು ಒತ್ತುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ಮೈಕ್ರೋಸಾಫ್ಟ್‌ನ ಆಫೀಸ್ 97 ಬಂತು, ಅದರೊಂದಿಗೆ ಕಣ್ಣು ಮಿಟುಕಿಸುವ ಕಾಗದದ ಕ್ಲಿಪ್ಪೂ ಬಂತು. ಅಧಿಕೃತ ಹೆಸರು ಕ್ಲಿಪ್ಪಿಟ್, ಜನ ಕರೆದದ್ದು ಕ್ಲಿಪ್ಪಿ. ಇಂಗ್ಲಿಷಿನಲ್ಲಿ ‘ಡಿಯರ್’ ಎಂದು ಶುರುಮಾಡಿದರೆ ಸಾಕು, ‘ನೀವು ಪತ್ರ ಬರೆಯುತ್ತಿರುವಂತಿದೆ, ಸಹಾಯ ಬೇಕೇ?’ ಎಂದು ತಲೆಯೆತ್ತುತ್ತಿತ್ತು. ದಿನವಿಡೀ ಪತ್ರ ಟೈಪು ಮಾಡುವವರನ್ನೂ ಅದೇ ಪ್ರಶ್ನೆ ಕೇಳುತ್ತಿತ್ತು. ನಮ್ಮ ಉಡುಪಿ ಹೋಟೆಲಿನ ಒಳ್ಳೆಯ ಮಾಣಿ ನೀವು ಕತ್ತೆತ್ತಿದ ಕೂಡಲೇ ಬರುತ್ತಾನೆ. ಇದು ಪ್ರತಿ ತುತ್ತಿಗೂ ‘ಮತ್ತೇನು ಕೊಡಲಿ’ ಎಂದು ಪಕ್ಕದಲ್ಲೇ ನಿಲ್ಲುವ ಮಾಣಿ. 2001ರ ಆಫೀಸ್ ಎಕ್ಸ್‌ಪಿಯಲ್ಲಿ ಕಂಪನಿಯೇ ಅದನ್ನು ಮೊದಲಿನಿಂದಲೇ ಅಡಗಿಸಿಟ್ಟು, ತನ್ನ ಜಾಹೀರಾತಿನಲ್ಲಿ ಅದನ್ನು ಗೇಲಿಯನ್ನೂ ಮಾಡಿತು. ಆಫೀಸ್ 2007ರ ಹೊತ್ತಿಗೆ ಅದು ಇಲ್ಲವೇ ಇಲ್ಲ.

ಹಣ ಕೊಡದೆ ಸಿಗುವ ಓಪನ್‌ಆಫೀಸ್‌ನಲ್ಲಿಯೂ ಇಂಥದ್ದೊಂದಿತ್ತು, ಮೂಲೆಯಲ್ಲಿ ಮೂಡುವ ಒಂದು ಬಲ್ಬು. ಆದರೆ ಅದಕ್ಕೆ ಮರ್ಯಾದೆ ತಿಳಿದಿತ್ತು. ಒಂದೇ ಸಂದರ್ಭದಲ್ಲಿ ಮೂರು ಸಲ ನೀವು ಅದರತ್ತ ನೋಡದಿದ್ದರೆ, ಆ ಸಂದರ್ಭಕ್ಕೆ ಅದು ಮತ್ತೆ ಬರುತ್ತಿರಲಿಲ್ಲ. ನನ್ನ ಮಟ್ಟಿಗೆ ತಂತ್ರಾಂಶದ ಸೌಜನ್ಯವೆಂದರೆ ಇದೇ.

ಹಾಗಾದರೆ ಕರೆದಾಗ ಬರುವ ಸಹಾಯ ಎಲ್ಲಿದೆ? ನಮ್ಮ ಮುಂಬಯಿಯಲ್ಲಿ ಮನೆಮನೆಗೂ ತಿಳಿದಿರುವ ಉದಾಹರಣೆ ತೆಗೆದುಕೊಳ್ಳೋಣ: ಹೌಸಿಂಗ್ ಸೊಸೈಟಿಯ ಲೆಕ್ಕ. ಕನ್ನಡದವರು ಲೆಕ್ಕದಲ್ಲಿ ಚುರುಕು ಎಂಬ ಹೆಸರು ಹೇಗೋ ಬಂದಿದೆ, ಖಜಾಂಚಿಗಿರಿ ನಮ್ಮ ಕೊರಳಿಗೇ ಬೀಳುತ್ತದೆ. ಒಂದು ಹಾಳೆಯಲ್ಲಿ ಎಲ್ಲ ಫ್ಲ್ಯಾಟುಗಳ ಪಟ್ಟಿ. ಇನ್ನೊಂದರಲ್ಲಿ ಈ ತಿಂಗಳು ಮೇಂಟೆನೆನ್ಸ್ ಕಟ್ಟಿದವರದು ಮಾತ್ರ, ಫ್ಲ್ಯಾಟ್ ಸಂಖ್ಯೆಯ ಕ್ರಮದಲ್ಲಿ. ಯಾರು ಎಷ್ಟು ಕಟ್ಟಿದ್ದಾರೆಂದು ಹುಡುಕಲು ವಿಲುಕಪ್ ಸೂತ್ರ ಹಾಕುತ್ತೀರಿ. ಹುಡುಕಬೇಕಾದ ಸಂಖ್ಯೆ, ಹುಡುಕಬೇಕಾದ ಪಟ್ಟಿ, ಎಷ್ಟನೆಯ ಕಂಬಸಾಲು, ಅಂದರೆ ಕಾಲಮ್, ಎಂಬ ಮೂರನ್ನು ಕೊಟ್ಟು ಆವರಣ ಮುಚ್ಚುತ್ತೀರಿ. ಎಲ್ಲ ಚೌಕಗಳೂ ತುಂಬುತ್ತವೆ. 203ರವರು ಹಣ ಕಟ್ಟಿಲ್ಲ, ಪಟ್ಟಿಯಲ್ಲೇ ಇಲ್ಲ. ಆದರೂ ಅವರ ಎದುರು ಹಣ ಕಾಣುತ್ತದೆ. ಅದು 202ರವರ ಹಣ!

ಸೂತ್ರ ತಪ್ಪೇನೂ ಮಾಡಿಲ್ಲ. ಅದಕ್ಕೆ ನಾಲ್ಕನೆಯ ಅಂಶವೊಂದಿದೆ. ಅದನ್ನು ಬಿಟ್ಟರೆ, ‘ಸರಿಯಾದದ್ದು ಸಿಗದಿದ್ದರೆ ಅದಕ್ಕಿಂತ ಚಿಕ್ಕದಾದ ಹತ್ತಿರದ್ದನ್ನು ಕೊಡು’ ಎಂದು ಸೂತ್ರ ತಿಳಿದುಕೊಳ್ಳುತ್ತದೆ. ಕರಾರುವಾಕ್ಕಾಗಿ ಹುಡುಕಬೇಕಾದರೆ ಅಲ್ಲಿ ಫಾಲ್ಸ್ ಎಂದೋ ಸೊನ್ನೆಯೆಂದೋ ಬರೆಯಬೇಕು. ಪುನರ್‌ನಿರ್ಮಾಣವಾಗಿ ಗಗನಕ್ಕೇರಿದ ಕಟ್ಟಡಗಳಲ್ಲಿ ಪೇಚಾಟ ಇನ್ನೂ ಹೆಚ್ಚು. ಪಟ್ಟಿ ಏರಿಕೆಯ ಕ್ರಮದಲ್ಲಿದೆ ಎಂದು ಸೂತ್ರ ನಂಬಿರುತ್ತದೆ. ಆದರೆ ಅಕ್ಷರ ಸೇರಿದ ಸಂಖ್ಯೆಗಳಲ್ಲಿ ಹತ್ತನೆಯ ಮಹಡಿಯ ಎ-1001 ಎಂಬುದು ಮೊದಲ ಮಹಡಿಯ ಎ-101ಕ್ಕಿಂತ ಮುಂಚೆ ಬರುತ್ತದೆ. ನಾವು ಬರೆಯುವುದೋ ಮೆಟ್ಟಿಲು ಹತ್ತಿದ ಕ್ರಮದಲ್ಲಿ.

ಇದಿಷ್ಟೂ ಎಕ್ಸೆಲ್‌ನ ಒಳಗೇ ಬರೆದಿದೆ. ಸೂತ್ರದ ಹೆಸರು ಮತ್ತು ತೆರೆದ ಆವರಣ ಟೈಪು ಮಾಡಿ, ಕಂಟ್ರೋಲ್ ಜೊತೆ ‘ಎ’ ಒತ್ತಿ. ಒಂದು ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಪ್ರತಿ ಅಂಶಕ್ಕೂ ಬೇರೆಬೇರೆ ಜಾಗ, ಯಾವ ಜಾಗದಲ್ಲಿದ್ದೀರೋ ಅದರ ವಿವರಣೆ ಕೆಳಗೆ, ಬರಲಿರುವ ಉತ್ತರವೂ ಅಲ್ಲೇ. ನಾಲ್ಕನೆಯ ಜಾಗಕ್ಕೆ ಹೋದರೆ, ಖಾಲಿ ಬಿಟ್ಟರೆ ಏನಾಗುತ್ತದೆಂದು ಒಂದೇ ವಾಕ್ಯದಲ್ಲಿ ತಿಳಿಸುತ್ತದೆ. ತಳದಲ್ಲಿರುವ ಕೊಂಡಿ ಒತ್ತಿದರೆ ಆ ಸೂತ್ರದ ಇಡೀ ಪುಟ, ಉದಾಹರಣೆ ಸಮೇತ. ಹಣ ಕೊಡದೆ ಸಿಗುವ ಇನ್ನೊಂದು ತಂತ್ರಾಂಶ ಲಿಬ್ರೆಆಫೀಸ್ ಬಳಸುವವರಿಗೆ ಇದೇ ಕೆಲಸಕ್ಕೆ ಕಂಟ್ರೋಲ್ ಮತ್ತು ಎಫ್2. ಹೊಸ ಎಕ್ಸೆಲ್‌ನಲ್ಲಿ ಎಕ್ಸ್‌ಲುಕಪ್ ಎಂಬ ಸೂತ್ರವಿದೆ. ಅದು ಹೇಳದೆಯೇ ಕರಾರುವಾಕ್ಕಾಗಿ ಹುಡುಕುತ್ತದೆ. ಆದರೆ ಸೊಸೈಟಿಯ ಕಂಪ್ಯೂಟರು ಹಳೆಯದೇ ಇರುವುದು ವಾಡಿಕೆ.

ಆಜ್ಞೆ ಎಲ್ಲಿದೆಯೆಂದು ಮರೆತಾಗ ಆಫೀಸ್ 2016ರ ನಂತರದ ಆವೃತ್ತಿಗಳಲ್ಲಿ ಆಲ್ಟ್ ಮತ್ತು ಕ್ಯೂ ಒತ್ತಿ. ಮೇಲೆ ಹುಡುಕುವ ಜಾಗ ತೆರೆಯುತ್ತದೆ. ‘ಫ್ರೀಜ್’ ಎಂದು ಇಂಗ್ಲಿಷಿನಲ್ಲಿ ಬರೆದರೆ, ಹಾಳೆ ಸರಿಸಿದರೂ ತಲೆಸಾಲು ಅಲುಗದಂತೆ ಹಿಡಿದಿಡುವ ಆ ಆಜ್ಞೆಯೇ ಅಲ್ಲಿ ಸಿಗುತ್ತದೆ, ಅಲ್ಲಿಂದಲೇ ಚಲಾಯಿಸಬಹುದು.

ಇನ್ನು ಕರೆಯದೆ ಬರುವವರ ವಿಚಾರ. ಸಭೆಯ ನಡಾವಳಿ ಬರೆಯುವ ಕಾರ್ಯದರ್ಶಿಗಳಿಗೆ ಇದು ಗೊತ್ತು: ನಿಯಮದ ಉಪಕಲಮಿಗೆಂದು ಆವರಣದೊಳಗೆ ಇಂಗ್ಲಿಷಿನ ‘ಸಿ’ ಹಾಕಿದರೆ ವರ್ಡ್ ಅದನ್ನು ಹಕ್ಕುಸ್ವಾಮ್ಯದ ಚಿಹ್ನೆಯಾಗಿ ಬದಲಿಸುತ್ತದೆ. ತಕ್ಷಣ ಕಂಟ್ರೋಲ್ ಝಡ್ ಒತ್ತಿದರೆ ಹಿಂದಿನದು ಬರುತ್ತದೆ. ಕಾಯಂ ಪರಿಹಾರ ಬೇಕಾದರೆ ಫೈಲ್, ಆಪ್ಷನ್ಸ್, ಪ್ರೂಫಿಂಗ್ ದಾರಿಯಲ್ಲಿ ಆಟೋಕರೆಕ್ಟ್ ಪಟ್ಟಿಗೆ ಹೋಗಿ ಆ ಒಂದು ಸಾಲನ್ನು ಅಳಿಸಿ. ಪಟ್ಟಿಯನ್ನೇ ನಿಲ್ಲಿಸಬೇಡಿ, ಅದರಲ್ಲಿ ಒಳ್ಳೆಯವೂ ಇವೆ. ಗುಂಡಿಯ ಮೇಲೆ ಮೌಸ್ ನಿಂತಾಗ ಮೂಡುವ ವಿವರಣೆ ಬೇಡವಾದರೆ, ಅದೇ ಆಪ್ಷನ್ಸ್‌ನ ಜನರಲ್ ವಿಭಾಗದಲ್ಲಿ ಉದ್ದವಾದದ್ದು, ಹೆಸರು ಮಾತ್ರ, ಏನೂ ಬೇಡ ಎಂದು ಮೂರು ಆಯ್ಕೆಗಳಿವೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಉದ್ದದ್ದು ಇರಲಿ. ಲಿಬ್ರೆಆಫೀಸ್‌ನಲ್ಲಿ ಇದನ್ನು ಎಕ್ಸ್‌ಟೆಂಡೆಡ್ ಟಿಪ್ಸ್ ಎನ್ನುತ್ತಾರೆ. ಅದನ್ನು ನಿಲ್ಲಿಸಿಟ್ಟಿದ್ದರೂ ಶಿಫ್ಟ್ ಮತ್ತು ಎಫ್1 ಒತ್ತಿ, ಬೇಕಾದ ಗುಂಡಿಯೊಂದಕ್ಕೆ ಮಾತ್ರ ವಿವರಣೆ ಕೇಳಬಹುದು. ನನಗೆ ಇಷ್ಟವಾದ ಏರ್ಪಾಡು ಇದು.

2023ರ ನವೆಂಬರಿನಿಂದ ಕಂಪನಿಗಳಿಗೆ ಮೈಕ್ರೋಸಾಫ್ಟ್‌ನ ಕೋಪೈಲಟ್ ಎಂಬ ಕೃತಕ ಬುದ್ಧಿಮತ್ತೆಯ ಸಹಾಯಕ ಕೂಡ ಸಿಗುತ್ತಿದೆ. ಕೇಳಿದ್ದಕ್ಕೆ ವಾಕ್ಯದಲ್ಲೇ ಉತ್ತರಿಸುತ್ತದೆ, ಸೂತ್ರವನ್ನೂ ಬರೆದುಕೊಡುತ್ತದೆ. ಬರೆದುಕೊಟ್ಟ ಸೂತ್ರವನ್ನು ಮಾತ್ರ ಹಣ ಕಟ್ಟದ ಒಂದು ಫ್ಲ್ಯಾಟಿನ ಮೇಲೆ ಪರೀಕ್ಷಿಸದೆ ಸಭೆಗೆ ಒಯ್ಯಬೇಡಿ.

ಮೆನುಗಳನ್ನು ಕನ್ನಡಕ್ಕೆ ಬದಲಿಸಬಹುದೇ ಎಂದು ಡೊಂಬಿವಲಿಯ ಗೆಳೆಯರು ಕೇಳುತ್ತಿರುತ್ತಾರೆ. ಬದಲಿಸಬಹುದು, ಲಿಬ್ರೆಆಫೀಸ್‌ನಲ್ಲಿ ಕನ್ನಡವಿದೆ. ಮನೆಯ ಕಂಪ್ಯೂಟರಿನಲ್ಲಿ ಧಾರಾಳವಾಗಿ ಮಾಡಿ. ಕಚೇರಿಯಲ್ಲಿ ಬೇಡವೆಂದೇ ನನ್ನ ಅಭಿಪ್ರಾಯ. ಪಕ್ಕದಲ್ಲಿ ಕುಳಿತ ಮರಾಠಿಯವರು, ಗುಜರಾತಿಯವರು ‘ಪೇಸ್ಟ್ ಸ್ಪೆಷಲ್ ನೋಡಿ’ ಎಂದಾಗ ನಿಮ್ಮ ಪರದೆಯಲ್ಲೂ ಅದೇ ಹೆಸರು ಕಂಡರೆ ಕೆಲಸ ಸಾಗುತ್ತದೆ.

ಕೊನೆಯದಾಗಿ ಒಂದು ಮಾತು, ನೆಲಮಾಳಿಗೆಯ ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ. ಈಗಿನ ಮೈಕ್ರೋಸಾಫ್ಟ್ ಆಫೀಸ್‌ನ ಸಹಾಯದ ಪುಟಗಳು ಅಂತರ್ಜಾಲದಿಂದ ಬರುತ್ತವೆ, ಸಂಪರ್ಕವಿಲ್ಲದಿದ್ದರೆ ಪುಟವೂ ಇಲ್ಲ. ಲಿಬ್ರೆಆಫೀಸ್‌ನ ಸಹಾಯವನ್ನು ಪ್ರತ್ಯೇಕ ಕಡತವಾಗಿ ಇಳಿಸಿಕೊಂಡು ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಬಹುದು. ಇಳಿಸಿಕೊಳ್ಳುವಾಗ ತಂತ್ರಾಂಶದ ಆವೃತ್ತಿ ಸಂಖ್ಯೆಯೂ ಸಹಾಯದ ಕಡತದ ಸಂಖ್ಯೆಯೂ ಒಂದೇ ಇವೆಯೇ ಎಂದು ನೋಡಿಕೊಳ್ಳಿ. ನಮಸ್ಕಾರ.